ಬಲಕ್ಕೆ ಚಾಚಿದ ಪೊರಕೆ

ನಮ್ಮ ಬೀದಿಯ ಗಿರಿಜಾಂಬಿಕಾ ತಿಪಟೂರಿನ ಹೊಲಿಗೆ ಅಂಗಡಿಗೆ ದಿನವೂ ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಊರಿನಿಂದ ಹೆದ್ದಾರಿಯವರೆಗೆ ತೋಟಗಳ ನಡುವಿನ ದಾರಿ. ಗರಿಗಳ ನೆರಳು ಅವಳ ಸೆರಗಿನ ಮೇಲೆ ಹರಿದು ಹೋಗುತ್ತಿತ್ತು. ಹೆದ್ದಾರಿ ಸೇರಿದ ಮೇಲೆ ನೆರಳೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ಎರಡು ಸಾವಿರದ ಇಸವಿ ದಾಟಿದ್ದ ಆ ದಿನಗಳಲ್ಲಿ ಕಾರುಗಳು ಹೆಚ್ಚಿದ್ದವು. ಕೊಬ್ಬರಿ ಹರಾಜಿನ ದಿನವಂತೂ ಲಾರಿಗಳ ಸಂದಿಯಲ್ಲೆಲ್ಲ ಅವೇ.

ಆ ವರ್ಷ ರಸ್ತೆಗೆ ಹೊಸ ಡಾಂಬರು ಬಿತ್ತು. ಅಂಚಿನ ಮಣ್ಣು ಗೇಣುದ್ದ ತಗ್ಗಿನಲ್ಲೇ ಉಳಿಯಿತು. ಹಿಂದಿನಿಂದ ಕಾರೊಂದು ಹಾರನ್ ಮಾಡಿದಾಗ ಗಿರಿಜಾಂಬಿಕಾ ಎಂದಿನಂತೆ ಅಂಚಿಗೆ ಸರಿದಳು, ಚಕ್ರ ಜಾರಿತು. ಬದಿಯಲ್ಲಿ ಸುರಿದಿದ್ದ ತೆಂಗಿನ ಮಟ್ಟೆಯ ರಾಶಿಯ ಮೇಲೆ ಬಿದ್ದದ್ದರಿಂದ ಮಂಡಿ ತರಚಿತಷ್ಟೇ.

"ಇನ್ನೊಂದ್ ಸಲ ಬಿದ್ರೆ ಸೈಕಲ್ಲನ್ನ ಅಟ್ಟಕ್ಕೆ ಹಾಕ್ತೀನಿ ಕಣವ್ವ. ಕೊಬ್ಬರಿ ಜೊತೆ ಅದೂ ಒಣಗ್ಲಿ," ಎಂದರು ಮಾವ ಶಂಭುಲಿಂಗಯ್ಯ.

ಅವರು ಅಟ್ಟಕ್ಕೆ ಹಾಕಿದ್ದು ವರ್ಷ ತುಂಬುವ ತನಕ ಇಳಿಯುತ್ತಿರಲಿಲ್ಲ. ಬೆಳಗಿನ ಬಸ್ಸು ನೆಚ್ಚಿಕೊಂಡರೆ ಅಂಗಡಿಗೆ ಹೊತ್ತಿಗೆ ಸರಿಯಾಗಿ ತಲುಪುವಂತಿರಲಿಲ್ಲ. ಸೈಕಲ್ ಹೋದರೆ ಕೆಲಸವೂ ಹೋದಂತೆ.

ಕೆಲವು ದಿನಗಳ ಮೇಲೆ ಪಕ್ಕದ ಮನೆಯ ಕಲ್ಲಮ್ಮ ಪೇಟೆಯಲ್ಲಿದ್ದ ತಂಗಿಗೆಂದು ತೆಂಗಿನ ಕಡ್ಡಿಯ ಪೊರಕೆಗಳನ್ನು ಕ್ಯಾರಿಯರಿಗೆ ಅಡ್ಡಡ್ಡ ಕಟ್ಟಿ ಕಳಿಸಿದಳು. ಅಂದು ಒಂದು ಕಾರೂ ಹತ್ತಿರ ಸುಳಿಯಲಿಲ್ಲ. ಬಣ್ಣಕ್ಕೆ ಗೀರು ಬಿದ್ದೀತೆಂದು ಎಲ್ಲರೂ ದೂರದಿಂದಲೇ ಬಳಸಿ ಹೋದರು. ಪೊರಕೆ ಇಳಿಸುವಾಗ ಗಿರಿಜಾಂಬಿಕಾ ಒಂದನ್ನು ಕೇಳಿ ಇಟ್ಟುಕೊಂಡಳು.

ಮರುದಿನ ಅದನ್ನು ಬಲಕ್ಕೆ ಚಾಚುವಂತೆ ಕಟ್ಟಿ, ತುದಿಗೆ ರವಿಕೆಯ ಕೆಂಪು ಚೂರೊಂದನ್ನು ಬಿಗಿದಳು. ಮಾವ ಜಗಲಿಯಿಂದ ನೋಡಿದರು.

"ಹೊರಡೋ ಹೊತ್ನಲ್ಲಿ ಪರಕೆ ಎದುರಿಗೆ ಬರಬಾರ್ದು ಕಣವ್ವ."

"ಎದುರಿಗಿಲ್ಲ ಮಾವ, ಹಿಂದೆ ಕಟ್ಟಿದೀನಿ."

"ಹಿಂದೆ ಬರೋರಿಗೆ ಅದೇ ಎದುರಲ್ವಾ?"

"ಅವ್ರಿಗೆ ಕಾಣ್ಲಿ ಅಂತ್ಲೇ ಕಟ್ಟಿರೋದು."

ಅಂದಿನಿಂದ ಅವಳು ಅಂಚು ಬಿಟ್ಟು ಒಂದು ಮೊಳ ಒಳಗೇ ತುಳಿದಳು. ಹಾರನ್ ಕೇಳಿದರೆ ಬೆಚ್ಚುತ್ತಿರಲಿಲ್ಲ. ತಿರುಗುವ ಮುನ್ನ ಹಿಂದೆ ನೋಡಿ, ಕೈ ಚಾಚಿ, ಆಮೇಲೆ ತಿರುಗುತ್ತಿದ್ದಳು.

ಮುಂದಿನ ಹರಾಜಿನ ದಿನ ಶಂಭುಲಿಂಗಯ್ಯ ಕೊಬ್ಬರಿ ವ್ಯಾಪಾರಿಯೊಬ್ಬನ ಕಾರಿನಲ್ಲಿ ಪೇಟೆಗೆ ಹೊರಟಿದ್ದರು. ಮುಂದೊಂದು ಕೆಂಪು ಚೂರು ಗಾಳಿಗೆ ಆಡುತ್ತಿತ್ತು.

"ಯಾವಳಪ್ಪ ಇವ್ಳು, ರೋಡೆಲ್ಲ ಗುಡಿಸ್ಕಂಡು ಹೋಗ್ತಾವ್ಳೆ," ಎಂದು ವ್ಯಾಪಾರಿ ಹಾರನ್ ಒತ್ತಿದ.

ಸೈಕಲ್ ಅಂಚಿಗೆ ಸರಿಯಲಿಲ್ಲ. ಹೊಲಿಗೆ ಹಾಕಿದಷ್ಟು ನೇರವಾಗಿ ಸಾಗಿತು. ಎದುರಿನಿಂದ ಲಾರಿ ಬರುತ್ತಿತ್ತು. ವ್ಯಾಪಾರಿ ಬ್ರೇಕ್ ಒತ್ತಿ ನಿಧಾನಿಸಿದ.

"ನಮ್ ಸೊಸೆ ಕಣಪ್ಪ," ಎಂದರು ಶಂಭುಲಿಂಗಯ್ಯ. "ಲಾರಿ ಹೋಗ್ಲಿ ಬುಡು. ಆಮೇಲೆ ದೂರದಿಂದ ಹೋಗು."

ಮರುಬೆಳಿಗ್ಗೆ ಗಿರಿಜಾಂಬಿಕಾ ಸೈಕಲ್ ತೆಗೆಯಲು ಬಂದಾಗ ಪೊರಕೆಯ ಕಟ್ಟು ಬದಲಾಗಿತ್ತು. ಅವಳ ಹೊಲಿಗೆ ದಾರದ ಜಾಗದಲ್ಲಿ ಹೊಸ ತೆಂಗಿನ ಹಗ್ಗ. ಮಾವ ಕೈಗೆ ಅಂಟಿದ್ದ ನಾರು ಕೊಡವುತ್ತ ನಿಂತಿದ್ದರು.

"ಸಡ್ಲ ಆಗಿತ್ತು. ಗುಂಡಿ ಸಿಕ್ರೆ ಕಳಚ್ಕಂಡ್ ಹೋಗ್ತಿತ್ತು."

ಅವಳು ಪೊರಕೆಯನ್ನು ಒಮ್ಮೆ ಎಳೆದು ನೋಡಿದಳು. ಅಲ್ಲಾಡಲಿಲ್ಲ.

"ಬತ್ತೀನಿ ಮಾವ," ಎಂದು ಪೆಡಲ್ ತುಳಿದಳು.