ಮೂರನೆಯ ಸಲ ಕರೆಯುವ ಫರ್ಖೊಂದೆ

ಬೆಳಗಿನ ಐದೂವರೆ. ದಕ್ಷಿಣ ತೆಹ್ರಾನಿನ ಈ ಸೇತುವೆಯ ಕೆಳಗಿನ ಚಳಿಗೆ ಬೆಂಕಿಯೇ ಕೈ ಕಾಯಿಸಿಕೊಳ್ಳಲು ಜಾಗ ಹುಡುಕುತ್ತಿದೆ. ಐವತ್ತಾರರ ಫರ್ಖೊಂದೆ ಬೆನ್ನಿಗೆ ಚೀಲ ಏರಿಸಿ, ಕೈಯಲ್ಲಿ ಚಹಾದ ಫ್ಲಾಸ್ಕು ಹಿಡಿದು ಇಳಿಯುತ್ತಾರೆ. ಅವರ ಬಗ್ಗೆ ಬರೆಯಲೆಂದು ನಾನೂ ಹಿಂದೆಯೇ ಇಳಿಯುತ್ತೇನೆ. ಈ ನಗರದಲ್ಲಿ ನಾನರಿಯದ ಗಲ್ಲಿಯಿಲ್ಲ, ನನ್ನನ್ನು ಗುರುತಿಸದ ಬೆಕ್ಕಿಲ್ಲ. ಆದರೂ ಇಲ್ಲಿ ಅವರ ನೆರಳು ಹಿಡಿದೇ ನಡೆಯುತ್ತೇನೆ.

ರಟ್ಟಿನ ಮೇಲೆ ಯದುಲ್ಲಾ ಮಲಗಿದ್ದಾನೆ. ಒಂದು ಕಾಲಕ್ಕೆ ಸೋಫಾ ಹೊಲಿಯುತ್ತಿದ್ದವ. ಅಮಲಿನ ಸೂಜಿ ಚುಚ್ಚಿ ಚುಚ್ಚಿ ಎಡಗಾಲು ಕೊಳೆಯುತ್ತಿದೆ. ಇವತ್ತು ಆಸ್ಪತ್ರೆಗೆ ಹೋಗದಿದ್ದರೆ ಕಾಲು ಉಳಿಯದು ಎಂದು ನಿನ್ನೆ ನರ್ಸ್ ಹೇಳಿಹೋಗಿದ್ದಾಳೆ.

"ಯದುಲ್ಲಾ ಆಗಾ, ಮೇಲೆ ವ್ಯಾನ್ ನಿಂತಿದೆ. ಬನ್ನಿ," ಎನ್ನುತ್ತಾರೆ ಫರ್ಖೊಂದೆ. ಆಗಾ ಎಂದರೆ ನಮ್ಮಲ್ಲಿ 'ಯಜಮಾನರೇ' ಎಂದಂತೆ.

"ನಿಮಗ್ಯಾಕೆ ತೊಂದ್ರೆ ಅಕ್ಕ. ಬೇಡ."

"ಹೋಗ್ಲಿ, ಚಹಾ ಕುಡೀರಿ."

"ನಿಮ್ಮ ಚಹಾನಾ? ಅದಕ್ಕಿಂತ ಈ ಚರಂಡಿ ನೀರೇ ಬಿಸಿ."

ಫರ್ಖೊಂದೆ ಪಕ್ಕದಲ್ಲಿ ಕೂರುತ್ತಾರೆ. ಬೋಧನೆಯಿಲ್ಲ, ಬೈಗುಳವಿಲ್ಲ. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡೆದು, ನಲವತ್ತು ಹೊಸ ಸಿರಿಂಜು ಕೊಟ್ಟು, ಹಳೆಯವನ್ನು ಡಬ್ಬಿಗೆ ತುಂಬಿಕೊಳ್ಳುವುದು ಅವರ ಕೆಲಸ. ಆ ಬೂಟುಗಳು ಇಷ್ಟರಲ್ಲಿ ಭೂಮಿಯನ್ನು ಎರಡು ಸುತ್ತು ಹಾಕಿರಬೇಕು. ಮೂರನೆಯ ಸುತ್ತಿಗೆ ಹಿಮ್ಮಡಿ ಉಳಿದಿಲ್ಲ. ಆರು ಚಳಿಗಾಲ ಅವರೂ ಇಂಥದೇ ರಟ್ಟಿನ ಮೇಲೆ ಕಳೆದವರು. ಅಮಲು ಬಿಟ್ಟು ಹನ್ನೆರಡು ವರ್ಷ. ಮಗಳು ಇನ್ನೂ ಫೋನ್ ಎತ್ತುವುದಿಲ್ಲ.

ನಮ್ಮಲ್ಲಿ ಊಟಕ್ಕೆ ಕರೆದರೂ ಎರಡು ಸಲ ಬೇಡವೆನ್ನುವುದು ಮರ್ಯಾದೆ. ಮೂರನೆಯ ಉತ್ತರವೇ ನಿಜ. ಮನೆ, ಹಲ್ಲು, ಹೆಸರು ಎಲ್ಲ ಕಳೆದುಕೊಂಡವರೂ ಇದೊಂದನ್ನು ಕಳೆದುಕೊಂಡಿಲ್ಲ.

ಫರ್ಖೊಂದೆ ನನ್ನತ್ತ ತಿರುಗುತ್ತಾರೆ. "ಒಂಬತ್ತು ವರ್ಷದ ಹಿಂದೆ ಅರ್ದಲಾನ್ ಅಂತ ಒಬ್ಬ ಇದ್ದ. ಬಾಪ್ಪಾ ಅಂದೆ. 'ಬೇಡಕ್ಕ, ಆರಾಮಾಗಿದೀನಿ' ಅಂದ. ನಂಗೂ ಸುಸ್ತಾಗಿತ್ತು, ಸರಿ ಅಂದುಬಿಟ್ಟೆ. ಮೊದಲನೇ 'ಬೇಡ'ವನ್ನ ಯಾರಾದ್ರೂ ನಂಬ್ತಾರಾ? ನಾನು ನಂಬಿದೆ. ಮಾರನೇ ದಿನ ಹಿಮ ಕೆದಕಿ ಅವನ ಹೆಣ ತೆಗೆದ್ರು."

ಎರಡನೆಯ ಸಲ ಕರೆಯುತ್ತಾರೆ. ಯದುಲ್ಲಾ ಮಗ್ಗುಲಾಗುತ್ತಾನೆ. "ವ್ಯಾನ್ ಸೀಟು ಕೊಳೆಯಾಗುತ್ತೆ ಅಕ್ಕ. ಹೊಲಿದವನಿಗೆ ಗೊತ್ತು ಅದರ ಕಷ್ಟ."

ಫರ್ಖೊಂದೆ ಲೋಟಕ್ಕೆ ಚಹಾ ಬಗ್ಗಿಸಿ ಅವನ ಕೈಗಿಡುತ್ತಾರೆ. ಅವನು ಕೊನೆಯ ಗುಟುಕಿನವರೆಗೂ ಕುಡಿಯುತ್ತಾನೆ.

"ಬನ್ನಿ, ಯದುಲ್ಲಾ ಆಗಾ."

ಅವನು ಕೈ ಚಾಚುತ್ತಾನೆ.

ಆದರೆ ವ್ಯಾನಿನ ಬಾಗಿಲಲ್ಲಿ ಮತ್ತೆ ಹಟ. "ಮೊದಲು ನೀವು ಹತ್ತಿ ಅಕ್ಕ." "ಛೇ, ನೀವು." ಒಂಟಿಕಾಲಲ್ಲಿ ನಿಂತೇ ಬಗ್ಗಿ ದಾರಿ ಬಿಡುತ್ತಾನೆ, ಯಾವ ಅರಮನೆಯ ಬಾಗಿಲಲ್ಲೂ ಯಾರೂ ಅಷ್ಟು ಚೆಂದಾಗಿ ಬಗ್ಗಿರಲಾರರು. "ಯಾರಾದ್ರೂ ಹತ್ತಿ, ನಂಗೆ ವಯಸ್ಸಾಗ್ತಿದೆ," ಎನ್ನುತ್ತಾನೆ ಡ್ರೈವರ್. ಫರ್ಖೊಂದೆ ಹತ್ತುತ್ತಾರೆ. ಯದುಲ್ಲಾ ಹಿಂದೆಯೇ ಏರುತ್ತಾನೆ. ಅವರು ಆಚೆ ಬಾಗಿಲಿನಿಂದ ಇಳಿದುಬಿಡುತ್ತಾರೆ. ಸುತ್ತು ಇನ್ನೂ ಬಾಕಿಯಿದೆ.

ವ್ಯಾನ್ ತಿರುವು ದಾಟುವವರೆಗೂ ನೋಡುತ್ತ ನಿಲ್ಲುತ್ತಾರೆ.

"ನನ್ನ ಜೊತೆ ದಿನಾ ಜಗಳ ಆಡ್ತಿದ್ದವನು ಇವನೊಬ್ಬನೇ," ಎನ್ನುತ್ತಾರೆ. "ನಾಳೆ ಬಂದಾಗ ಇಲ್ಲಿ ಸಿಗಬಾರದು. ಅಷ್ಟೇ ನನ್ನಾಸೆ."