ಶಾರದಾಬಾಯಿ ಹಾಕಿಸಿದ ಕ್ಯಾಮೆರಾ

ಶಾರದಾಬಾಯಿಯ ಕೊರಳಿನ ಸರ ಹೋದದ್ದು ಅಮೀರ್‌ಪೇಟ್‌ನಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ. ಮುಖ್ಯ ರಸ್ತೆಯ ಅರ್ಧವನ್ನು ತಗಡಿನ ಗೋಡೆ ನುಂಗಿತ್ತು. ವಾಹನಗಳೆಲ್ಲ ಒಳಗಿನ ಗಲ್ಲಿಗಳಿಗೆ ನುಗ್ಗುತ್ತಿದ್ದವು. ಸಂಜೆ ಮೆಂತ್ಯಪಲ್ಲೆ, ಕೊತ್ತಂಬರಿ ತೆಗೆದುಕೊಂಡು ಆಕೆ ಮನೆಯ ಕಡೆ ತಿರುಗಿದಾಗ ಬೆನ್ನ ಹಿಂದಿನಿಂದ ಬೈಕೊಂದು ಬಂತು. ಹಿಂದೆ ಕೂತವನು ಕೊರಳಿಗೆ ಕೈಹಾಕಿ ಎಳೆದ. ಸರ ಹರಿಯಿತು, ಆಕೆ ಮಣ್ಣಿನಲ್ಲಿ ಬಿದ್ದಳು, ಬೈಕು ತಿರುವಿನಲ್ಲಿ ಮರೆಯಾಯಿತು.

ಆಕೆ ಬೀದರ್ ಕಡೆಯವಳು. ನಾಂಪಲ್ಲಿಯ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ವೈಜನಾಥನನ್ನು ಮದುವೆಯಾಗಿ ಹೈದರಾಬಾದಿಗೆ ಬಂದಿದ್ದಳು. ಮನೆಯೊಳಗೆ ಕನ್ನಡ, ಬಾಗಿಲಾಚೆ ತೆಲುಗು, ಬಜಾರಿನಲ್ಲಿ ಹಿಂದಿ. ಸಾಫ್ಟ್‌ವೇರ್ ಕೋರ್ಸಿಗೆಂದು ಊರೂರಿನ ಹುಡುಗಿಯರು ಬರತೊಡಗಿದ ಮೇಲೆ ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು.

ಪೊಲೀಸ್ ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಮೊದಲು ನೀರು ಕೊಡಿಸಿದ, ಆಮೇಲೆ ಪ್ರಶ್ನೆ ಕೇಳಿದ. ಬೈಕು ಯಾವ ಬಣ್ಣ? ಹೆಲ್ಮೆಟ್ ಇತ್ತೆ? ಹುಡುಗರೋ, ದೊಡ್ಡವರೋ? ಆಕೆ ಎಲ್ಲದಕ್ಕೂ ಗೊತ್ತಿಲ್ಲ ಎಂದಳು.

“ಗಲ್ಲಿಯಲ್ಲಿ ಒಂದು ಕ್ಯಾಮೆರಾ ಇದ್ದಿದ್ದರೆ ಇದನ್ನೆಲ್ಲ ನಿಮ್ಮನ್ನು ಕೇಳಬೇಕಾಗಿರಲಿಲ್ಲ ಅಮ್ಮಾ,” ಎಂದ ಆತ. “ಕಾಲೊನಿಯವರೇ ಸೇರಿ ಹಾಕಿಸಿಕೊಳ್ಳಿ. ಎಲ್ಲಿ ಹಾಕಬೇಕು ಅಂತ ನಾವು ಬಂದು ತೋರಿಸ್ತೀವಿ.”

ಮನೆಗೆ ಬಂದ ಮೇಲೆ ವೈಜನಾಥ ಆಕೆಯ ಕೊರಳ ಗಾಯಕ್ಕೆ ಅರಿಶಿಣ ಹಚ್ಚುತ್ತ, “ಹೋದದ್ದು ಹೋತು ಬಿಡು ಶಾರದಾ, ಜೀವ ಉಳೀತಲ್ಲ” ಎಂದ.

“ಹೋದದ್ದಕ್ಕಲ್ರಿ. ಅಲ್ಲಿ ಕುಂತು ಏನ್ ಕೇಳಿದ್ರೂ ಗೊತ್ತಿಲ್ಲ ಗೊತ್ತಿಲ್ಲ ಅಂದೆನಲ್ಲ, ಅದು ಸುಡಾಕತ್ತೈತಿ.”

ಗಾಯ ಒಣಗುವ ಮೊದಲೇ ಆಕೆ ಮನೆಮನೆಗೆ ಹೋಗತೊಡಗಿದಳು. ಬಾಡಿಗೆಯವರು ಮಾಲೀಕರನ್ನು ಕೇಳಿ ಎಂದರು, ಮಾಲೀಕರು ಅಸೋಸಿಯೇಷನ್ನಿಗೆ ಹೇಳಿ ಎಂದರು. ತಂತಿಯನ್ನು ಇಲಿ ಕಡಿಯುತ್ತದೆ ಎಂದೂ ಒಬ್ಬರು ಹೇಳಿದರು. ಆಕೆ ಕೊರಳ ಮೇಲಿನ ಸೆರಗು ಸರಿಸಿ ಗೆರೆ ತೋರಿಸುತ್ತಿದ್ದಳು, ಅಷ್ಟೇ. ಕೊನೆಗೆ ಅಸೋಸಿಯೇಷನ್ ಅಧ್ಯಕ್ಷ ಸೀತಾರಾಮರು ಕೆಲಸಕ್ಕೆ ಕೈಹಾಕಿದರು. ಬ್ಯಾಂಕಿನಿಂದ ನಿವೃತ್ತರಾದ ತೆಲುಗಿನವರು, ಅಚ್ಚುಕಟ್ಟಿನ ಮನುಷ್ಯ. ಸಂಕ್ರಾಂತಿಯ ಹೊತ್ತಿಗೆ ಗಲ್ಲಿಯ ತಿರುವಿನಲ್ಲೊಂದು, ಶಾರದಾಬಾಯಿಯ ಗೇಟಿನ ಮೇಲೊಂದು ಕ್ಯಾಮೆರಾ ಬಂತು. ಚಿತ್ರ ಕಾಣುವ ಟಿವಿಯನ್ನು ಸೀತಾರಾಮರ ಮನೆಯ ಹಾಲ್‌ನಲ್ಲಿ ಇಟ್ಟರು. ಅವರ ಮನೆಯಲ್ಲಿ ಇನ್ವರ್ಟರ್ ಇತ್ತು, ಅವರೂ ಹಗಲೆಲ್ಲ ಮನೆಯಲ್ಲೇ ಇರುತ್ತಿದ್ದರು.

ಮಾಳಿಗೆಯ ಮೇಲಿದ್ದ ಮೈಸೂರಿನ ಗಾನವಿ ಕೋರ್ಸು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಅವಳು ಕೇಳಿದಳು, “ಆಂಟಿ, ಟಿವಿ ಅವ್ರ ಹಾಲ್‌ನಲ್ಲಿ ಯಾಕೆ? ಬಂದವರೆಲ್ಲ ನಮ್ಮನ್ನ ನೋಡ್ತಾ ಕೂರಬಹುದಲ್ವಾ?”

“ನೋಡಿದ್ರ ನಿನ್ನ ಗಂಟೇನ್ ಹೋಗ್ತೈತಿ? ಕಳ್ಳರು ಅಂಜಬೇಕು, ನಮಗೇನ್ ಅಂಜಿಕಿ?”

ಗಾನವಿ ಮೆಟ್ಟಿಲು ಹತ್ತಿ ಕೋಣೆಗೆ ಹೋದಳು.

ಒಂದು ಸಂಜೆ ಶಾರದಾಬಾಯಿ ಶೇಂಗಾ ಹೋಳಿಗೆ ಮಾಡಿ, ಸೀತಾರಾಮರ ಹೆಂಡತಿಗೆಂದು ತಟ್ಟೆ ಹಿಡಿದು ಹೋದಳು. ಹಾಲ್‌ನಲ್ಲಿ ಸೀತಾರಾಮರು ಇಬ್ಬರು ಗೆಳೆಯರ ಜೊತೆ ಚಹಾ ಕುಡಿಯುತ್ತ ಕೂತಿದ್ದರು. ಎದುರಿನ ಟಿವಿಯಲ್ಲಿ ಗಲ್ಲಿ ಕಾಣುತ್ತಿತ್ತು. ಗಾನವಿ ಒಂದು ಬೈಕಿನಿಂದ ಇಳಿದು, ಓಡಿಸುತ್ತಿದ್ದವನ ಜೊತೆ ನಗುತ್ತ ನಿಂತಿದ್ದಳು.

“ಇವತ್ತೂ ಅದೇ ಬೈಕು,” ಎಂದರು ಒಬ್ಬರು ತೆಲುಗಿನಲ್ಲಿ.

ಸೀತಾರಾಮರು ತಿರುಗಿ ನೋಡಿ, “ಬನ್ನಿ ಶಾರದಾಬಾಯಿಗಾರು” ಎಂದು ಕರೆದು, “ನಿಮ್ಮ ಮೇಲಿನ ಮನೆಯ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ” ಎಂದರು. ಇನ್ನೊಬ್ಬರು ಕಾಳಜಿಯಿಂದಲೇ ಕೇಳಿದರು: “ಯಜಮಾನರಿಗೆ ಹುಷಾರಿಲ್ಲವೇ? ಬೆಳಿಗ್ಗೆ ನೈಟಿಯ ಮೇಲೆ ಟವೆಲ್ ಹೊದ್ದು ನೀವೇ ಹಾಲು ತರಲು ಹೋಗುವುದು ಕಾಣುತ್ತದೆ.”

ಆಕೆ ತಟ್ಟೆಯನ್ನು ಅಲ್ಲೇ ಮೇಜಿನ ಮೇಲಿಟ್ಟು ಹೊರಬಂದಳು.

“ಬೇಕಂತ ಹಾಕಿಸಿದಾಕಿ ನೀನ ಅಲ್ಲೇನು?” ಎಂದ ವೈಜನಾಥ, ಎಲ್ಲವನ್ನೂ ಕೇಳಿದ ಮೇಲೆ.

“ಹೌದರಿ, ನಾನ. ಕಳ್ಳರ್ನ ನೋಡ್ರಿ ಅಂತ ಹಾಕಿಸೀನಿ. ನನ್ನ ನೋಡ್ರಿ ಅಂತಲ್ಲ.”

ಠಾಣೆಗೆ ಮತ್ತೆ ಹೋಗಿ ಅದೇ ಸಬ್‌ಇನ್ಸ್‌ಪೆಕ್ಟರನನ್ನು ಕೇಳಿದಳು. ರೆಕಾರ್ಡ್ ಆಗುತ್ತಿದ್ದರೆ ಸಾಕು, ಯಾರೂ ಮುಂದೆ ಕೂತು ನೋಡಬೇಕಾಗಿಲ್ಲ, ದೂರು ಬಂದಾಗ ತೆರೆದರಾಯಿತು ಎಂದು ಆತ ಹೇಳಿದ. ಮುಂದಿನ ಭಾನುವಾರದ ಸಭೆಯಲ್ಲಿ ಆಕೆ ಎದ್ದು ನಿಂತು ಟಿವಿ ತೆಗೆಯಬೇಕು ಎಂದಳು. ಸೀತಾರಾಮರ ಮುಖ ಕೆಂಪಾಯಿತು.

“ಮನೆಮನೆ ತಿರುಗಿದವರು ನೀವೇ. ಈಗ ಬೇಡವೇ?”

“ಕ್ಯಾಮೆರಾ ಈಗಲೂ ಬೇಕು. ಟಿವಿ ಬೇಡ.”

ಗಂಡಸರು ಒಟ್ಟಿಗೆ ಮಾತಾಡತೊಡಗಿದರು. ಆಗ ಗೋಡೆಯ ಬದಿ ಕೂತಿದ್ದ ಹೆಂಗಸೊಬ್ಬಳು, ತಾನು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುವುದನ್ನು ಬಿಟ್ಟು ಎಷ್ಟೋ ದಿನವಾಯಿತು ಎಂದಳು. ಇನ್ನೊಬ್ಬಳು ತಾನೂ ಅಷ್ಟೇ ಎಂದಳು. ಬಾಗಿಲ ಬಳಿ ನಿಂತಿದ್ದ ಸೀತಾರಾಮರ ಹೆಂಡತಿ, “ನಮ್ಮ ಹಾಲ್‌ನಲ್ಲೂ ನನಗೆ ಕೂರಲು ಜಾಗವಿಲ್ಲ” ಎಂದುಬಿಟ್ಟರು. ಚರ್ಚೆ ಅಲ್ಲಿಗೆ ಮುಗಿಯಿತು. ಟಿವಿ ತೆಗೆದು, ರೆಕಾರ್ಡ್ ಮಾಡುವ ಯಂತ್ರವನ್ನು ಅಸೋಸಿಯೇಷನ್ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಬೇಸಿಗೆಯಲ್ಲಿ ಗಲ್ಲಿಯಿಂದ ಒಂದು ಸ್ಕೂಟರ್ ಕಳುವಾಯಿತು. ಕಾನ್‌ಸ್ಟೆಬಲ್ ಎದುರಿಗೆ ಕಪಾಟು ತೆರೆದು ನೋಡಿದರು. ಕದ್ದವನ ಮುಖ ಸ್ಪಷ್ಟವಾಗಿತ್ತು. ಸ್ಕೂಟರ್ ಶಂಶಾಬಾದ್‌ನ ಒಂದು ಢಾಬಾದ ಹಿಂದೆ ಸಿಕ್ಕಿತು. ಶಾರದಾಬಾಯಿಯ ಸರ ಸಿಗಲೇ ಇಲ್ಲ. ಆಕೆ ಕರಿಮಣಿಯನ್ನು ದಾರದಲ್ಲಿ ಪೋಣಿಸಿ ಹಾಕಿಕೊಂಡಳು. ಸೀತಾರಾಮರು ಎದುರಾದಾಗ ತಲೆಯಾಡಿಸುತ್ತಿದ್ದರು, ಮಾತು ಕಡಿಮೆಯಾಗಿತ್ತು.

ಮಳೆಗಾಲಕ್ಕೆ ಗಾನವಿ ಆಫೀಸಿನ ಹತ್ತಿರ ಮನೆ ಹಿಡಿದಳು. ಹೊರಡುವ ದಿನ ಹಾಸಿಗೆ ಸುತ್ತುತ್ತ, “ಅಂದ ಹಾಗೆ ಆಂಟಿ, ಆ ಟಿವಿ ಯಾಕೆ ತೆಗೆದ್ರು?” ಎಂದು ಕೇಳಿದಳು.

“ಕರೆಂಟ್ ಬಿಲ್ ಭಾಳ ಬರ್ತಿತ್ತಂತ,” ಎಂದಳು ಶಾರದಾಬಾಯಿ. ಅಷ್ಟರಲ್ಲಿ ವೈಜನಾಥ ಆಟೊ ಕರೆದು ತಂದ. ಇಬ್ಬರೂ ಸೇರಿ ಬಕೆಟ್ಟು, ಹಾಸಿಗೆ, ಫ್ಯಾನು ಒಳಗಿಟ್ಟರು.