ಇಂದುಮತಿ ಕೇಳಿದ ಪ್ರಶ್ನೆ

ಮೈಸೂರಿನಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದ್ದ ಇಂದುಮತಿ, ಮದುವೆಯಾಗಿ ಡೆಟ್ರಾಯಿಟ್ ಕಡೆಗೆ ಬಂದ ಮೂರನೆಯ ವರ್ಷ, ೧೯೭೩ರಲ್ಲಿ, ವಾರೆನ್ನಿನ ಸಣ್ಣ ಕಂಪನಿಯೊಂದರ ಲ್ಯಾಬಿಗೆ ಟೆಂಪರರಿಯಾಗಿ ಸೇರಿದಳು. ಆ ಚಳಿಗಾಲ ಜನ ಪೆಟ್ರೋಲಿಗೆ ಕ್ಯೂ ನಿಂತಿದ್ದರು. ನೀರನ್ನು ಒಡೆದು ಹೈಡ್ರೋಜನ್ ತೆಗೆದರೆ ಅದರಲ್ಲೇ ಕಾರು ಓಡಿಸಬಹುದೆಂಬ ಆಸೆ ಹುಟ್ಟಿತ್ತು. ಆದರೆ ನೀರು ಒಡೆಯಲು ಕರೆಂಟು ವಿಪರೀತ ಬೇಕು. ಅದನ್ನು ಉಳಿಸುವ ಮಿಶ್ರಲೋಹ ಹುಡುಕುವುದು ಅವಳ ಕೆಲಸ.

ನೀರಿನಲ್ಲಿ ಮುಳುಗಿಸಿ ಕರೆಂಟು ಹರಿಸುವ ಉಕ್ಕಿನ ಜಾಲರಿಗೆ ನಿಕ್ಕಲ್, ಮಾಲಿಬ್ಡಿನಂ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಲೇಪಿಸುತ್ತ ಹದಿನಾಲ್ಕು ತಿಂಗಳು ಕಳೆದಳು. ಕರೆಂಟು ಹರಿಯಲೆಂದು ನೀರಿಗೆ ಬೆರೆಸಿದ್ದ ಬಿಸಿ ಕ್ಷಾರ ಸಿಡಿದು ಎಡಗೈ ಸುಟ್ಟುಕೊಂಡಳು. ಎಪ್ಪತ್ತೊಂದನೆಯ ಜಾಲರಿಯಿಂದ ಗುಳ್ಳೆಗಳು ಹಾಲುಕ್ಕಿದಂತೆ ಎದ್ದವು; ಕರೆಂಟಿನ ಖರ್ಚು ಗಣನೀಯವಾಗಿ ಇಳಿಯಿತು.

ಲ್ಯಾಬಿನ ಮುಖ್ಯಸ್ಥ ಚಂದ್ರಮೌಳಿ ಬೆಂಗಳೂರಿನವರು. ಅವಳಿಗೆ ಕೆಲಸ ಕೊಟ್ಟವರೂ ಅವರೇ. ಪೇಟೆಂಟ್ ಅರ್ಜಿಯಲ್ಲಿ ಅವರದೊಂದೇ ಹೆಸರಿತ್ತು. ಕೇಳಿದ್ದಕ್ಕೆ ನಕ್ಕರು.

"ನೋಡಮ್ಮ, ನಿಂಗೆ ಮನೆ, ಮಗು ಅಂತ ಇದೆ. ಹೆಸರು ಇಟ್ಕೊಂಡು ಏನ್ಮಾಡ್ತೀಯ?"

ಮುಂದಿನ ವಾರ ಅವಳಿಗೆ ಬೇರೆಯೇ ಒಂದು ವಿಷಯ ತಿಳಿಯಿತು. ಶುಕ್ರವಾರ ಕರೆಂಟು ನಿಲ್ಲಿಸಿ ಹೋದರೆ, ಕ್ಷಾರದಲ್ಲೇ ನೆನೆದ ಲೇಪದಿಂದ ಮಾಲಿಬ್ಡಿನಂ ಕರಗಿಹೋಗುತ್ತಿತ್ತು. ಸೋಮವಾರ ಜಾಲರಿ ಸತ್ತಂತಿರುತ್ತಿತ್ತು. ಚಂದ್ರಮೌಳಿ ಒಮ್ಮೆಯೂ ನಿಲ್ಲಿಸಿ ನೋಡಿದವರಲ್ಲ. ಬೇರೆ ದಿನವಾಗಿದ್ದರೆ ಓಡಿಹೋಗಿ ಹೇಳುತ್ತಿದ್ದಳು. ಈಗ ಐದು ಸಲ ಪರೀಕ್ಷಿಸಿ, ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು ಸುಮ್ಮನಾದಳು.

೧೯೭೫ರ ಏಪ್ರಿಲ್‌ನಲ್ಲಿ ಶಿಕಾಗೋದ ಸಮ್ಮೇಳನದಲ್ಲಿ ಚಂದ್ರಮೌಳಿಯ ಭಾಷಣವಿತ್ತು. ಜಾಲರಿ ಕೊಳ್ಳುವವರನ್ನು ಕಂಪನಿ ಮುಂದಿನ ಸಾಲಿನಲ್ಲಿ ಕೂರಿಸಿತ್ತು. ಇಂದುಮತಿ ರಜೆ ಹಾಕಿದಳು. ಮುನ್ನೂರು ಮೈಲಿ ಡ್ರೈವ್ ಮಾಡಿದ ಗಂಡ ಜಯಸಿಂಹ ದಾರಿಯುದ್ದಕ್ಕೂ ಬೇಡವೆಂದೇ ಹೇಳಿದ, ಕೆಲಸ ಹೋಗುತ್ತದೆ ಎಂದ. ಹೋಗಲಿ ಎಂದಳು.

ಭಾಷಣ ಮುಗಿದ ಮೇಲೆ ಎದ್ದು ನಿಂತು, ಎರಡು ದಿನ ಕರೆಂಟು ನಿಲ್ಲಿಸಿ ಮತ್ತೆ ಹಾಕಿದರೆ ಏನಾಗುತ್ತದೆ ಎಂದು ಕೇಳಿದಳು. ಏನೂ ಆಗುವುದಿಲ್ಲ ಎಂದರು ಚಂದ್ರಮೌಳಿ. ಅವಳಿಗೆ ಬೇಕಿದ್ದದ್ದೂ ಆ ಉತ್ತರವೇ. ನೋಟ್‌ಬುಕ್ ತೆರೆದು ಐದೂ ಅಂಕಿಗಳನ್ನು ನಿಧಾನವಾಗಿ ಓದಿದಳು. ಮುಂದಿನ ಸಾಲಿನವರು ಫೈಲು ಮುಚ್ಚಿದರು.

ಹೊರಗೆ ಕಾರಿಡಾರಿನಲ್ಲಿ ಚಂದ್ರಮೌಳಿ ಅವಳನ್ನು ತಡೆದರು. ಮುಖ ಬಿಳಿಚಿಕೊಂಡಿತ್ತು.

"ಮೊದ್ಲೇ ಹೇಳ್ಬಹುದಿತ್ತಲ್ಲಮ್ಮ."

"ಹೇಳ್ಬಹುದಿತ್ತು ಸರ್. ಇಲ್ಲಿ ಹೇಳೋಣ ಅಂತ ಇಟ್ಕೊಂಡಿದ್ದೆ."

ಬೇಸಿಗೆಯೊಳಗೆ ಕಂಪನಿ ಆ ವಿಭಾಗವನ್ನೇ ಮುಚ್ಚಿತು. ಇಬ್ಬರ ಕೆಲಸವೂ ಹೋಯಿತು. ಚಂದ್ರಮೌಳಿ ಟೆಕ್ಸಸ್‌ಗೆ ಹೋದರೆಂದು ಕೇಳಿ ಅವಳು ಅಂದು ಪಾಯಸ ಮಾಡಿದಳು. ಜಯಸಿಂಹ ಅದನ್ನು ಮುಟ್ಟಲಿಲ್ಲ.

ಆಮೇಲೆ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಯಂತ್ರ ನಿಂತಾಗಲೂ ಸಣ್ಣಗೆ ಕರೆಂಟು ಹರಿಸಿ ಲೇಪ ಉಳಿಸುವ ಉಪಾಯ ಕಂಡುಕೊಂಡಳು. ೧೯೭೭ರಲ್ಲಿ ಅವಳೊಬ್ಬಳ ಹೆಸರಿನಲ್ಲಿ ಪ್ರಬಂಧ ಅಚ್ಚಾಯಿತು. ಮಾಲಿಬ್ಡಿನಂ ಹಾಕಿ ನೋಡು ಎಂದು ಮೊಟ್ಟಮೊದಲು ಹೇಳಿದವರು ಚಂದ್ರಮೌಳಿಯೇ. ಕೃತಜ್ಞತೆಯ ಸಾಲಿನಲ್ಲೂ ಅವಳು ಅವರ ಹೆಸರು ಬರೆಯಲಿಲ್ಲ.